ಹೊಸ ಗಾಡಿಯ ಕೀ

ಹೊಸ ಗಾಡಿ ಅಂಗಳಕ್ಕೆ ಬಂದ ದಿನವೇ ಶೆಡ್ಡಿನ ವಿಷಯಕ್ಕೆ ಮಾತು ಬೆಳೆಯಿತು. ಹಾಲಾಡಿ ಪೇಟೆಯಿಂದ ಸ್ವಲ್ಪ ಒಳಗೆ ಚಂದಯ್ಯ ಶೆಟ್ಟರ ಮನೆ. ಮನೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿ ಅವರ ಬಾಡಿಗೆಯ ಅಂಬಾಸಡರ್ ಕಾರು ನಿಲ್ಲಲು ತೊಡಗಿ ಮೂವತ್ತು ವರ್ಷಕ್ಕೆ ಹತ್ತಿರವಾಗಿತ್ತು. ಅವರ ಮಗ ಸುಜಿತ್ ಮುಂಬಯಿಯ ಹೋಟೆಲುಗಳಲ್ಲಿ ದುಡಿದು, ಊರಿಗೆ ಬಂದು, ಹಾಲಾಡಿ ಜಂಕ್ಷನ್ನಿನಲ್ಲಿ ಕ್ಯಾಂಟೀನು ಹಾಕಿದ್ದ. ಈಗ ಏಳು ಸೀಟಿನ ಡೀಸೆಲ್ ಗಾಡಿಯನ್ನೂ ತಂದ. ತಂದವನೇ ತಂದೆಯನ್ನು ಕೇಳದೆ ಅಂಬಾಸಡರನ್ನು ಶೆಡ್ಡಿನಿಂದ ಹೊರಗೆ ತೆಗೆದು ಗೇರುಮರದ ಕೆಳಗೆ ನಿಲ್ಲಿಸಿದ.

ಚಂದಯ್ಯ ಜಗಲಿಯಿಂದ ಎದ್ದು ಬಂದರು.

"ಅದ್ಕೆ ಬಿಸ್ಲ್ ಬಿದ್ರೂ ಒಂದೇ, ಮಂಜ್ ಬಿದ್ರೂ ಒಂದೇ ಅಪ್ಪಯ್ಯ. ಇದ್ ಹಾಂಗಲ್ಲ," ಎಂದ ಸುಜಿತ್.

"ಹಾಂಗಾರೆ ಗಟ್ಟಿ ಯಾವ್ದ್ ಆಯ್ತ್?" ಎಂದರು ಚಂದಯ್ಯ.

ಸುಜಿತ್ ಹೊಸ ಗಾಡಿಯ ಗಾಜು ಒರಸತೊಡಗಿದ. ಅವನ ಹೆಂಡತಿ ಅನಿಷಾ ಆರತಿಯ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಐದು ತಿಂಗಳ ಬಸುರಿ. ಆರತಿ ಎತ್ತಿ, ಗಾಡಿಯ ಮುಂಭಾಗಕ್ಕೆ ಕುಂಕುಮ ಹಚ್ಚಿ, ಚಕ್ರದ ಅಡಿಗೆ ಲಿಂಬೆಹಣ್ಣು ಇಟ್ಟಳು. ಕೀ ಹಿಡಿದು ಮೊದಲು ಸೀಟಿನಲ್ಲಿ ಕೂರಬೇಕಾದವರು ಮನೆಯ ಹಿರಿಯರು. ಚಂದಯ್ಯ ಕೂತರು. ಬಲಗೈ ಎದುರಿನ ಹಲಗೆಯ ಮೇಲೆ ಕೀ ಹಾಕುವ ತೂತನ್ನು ಹುಡುಕಿತು. ಅಂಬಾಸಡರಿನಲ್ಲಿ ಅದು ಇದ್ದದ್ದು ಅಲ್ಲಿ. ಹೊಸ ಗಾಡಿಯಲ್ಲಿ ಸ್ಟಿಯರಿಂಗಿನ ಎಡಪಕ್ಕದಲ್ಲಿ, ಕೆಳಗೆ ಇತ್ತು. ಸುಜಿತ್ ಬಗ್ಗಿ ತೋರಿಸಿಕೊಟ್ಟ. ಗಾಡಿ ಮುಂದೆ ಕದಲಿದಾಗ ಲಿಂಬೆಹಣ್ಣು ಒಡೆಯದೆ ಚಕ್ರದಿಂದ ಹಾರಿ ಚರಂಡಿಗೆ ಉರುಳಿತು. ಚಂದಯ್ಯನ ಹೆಂಡತಿ ಪ್ರಫುಲ್ಲಾ ಅದನ್ನು ನೋಡಿ ಇನ್ನೊಂದು ತರಲು ಒಳಗೆ ಹೋದರು.

ಆಮೇಲೆ ಮನೆಯಲ್ಲಿ ಎರಡು ಗಾಡಿಗಳ ಮಾತಿಲ್ಲದೆ ಊಟ ಮುಗಿಯುತ್ತಿರಲಿಲ್ಲ. ಒಂದಕ್ಕೆ ಹಳ್ದ್ ಎಂದೂ ಇನ್ನೊಂದಕ್ಕೆ ಹೊಸ್ದ್ ಎಂದೂ ಹೆಸರಾಯಿತು. ಹಳೆಯದರ ಮುಂದಿನ ಸೀಟಿನಲ್ಲಿ ಮೂವರು ಕೂರಬಹುದು, ಹೊಸದರ ಹಿಂದಿನ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುತ್ತದೆ ಎಂದು ಚಂದಯ್ಯ ಗಂಜಿ ಉಣ್ಣುತ್ತಾ ಹೇಳುವರು. ಹಳೆಯದು ಹತ್ತು ಮೈಲು ಹೋದರೆ ನಾಲ್ಕು ಸಲ ನೀರು ಕೇಳುತ್ತದೆ, ಪೆಟ್ರೋಲು ಕುಡಿಯುತ್ತದೆ, ಬ್ರೇಕನ್ನು ಎರಡು ಸಲ ತುಳಿಯದೆ ಹಿಡಿಯುವುದಿಲ್ಲ ಎಂದು ಸುಜಿತ್ ಹೇಳುವನು. ಎರಡು ಸಲ ತುಳಿಯುವುದು ಕಾಲಿಗೆ ಅಭ್ಯಾಸವಾದರೆ ಅದು ಒಂದೇ ಸಲ ಎಂದು ಚಂದಯ್ಯ ಹೇಳುವರು. ಪ್ರಫುಲ್ಲಾ ಇಬ್ಬರ ಬಟ್ಟಲಿಗೂ ಸಾರು ಬಡಿಸುವರು.

ಒಂದು ದಿನ ಪ್ರಫುಲ್ಲಾ ಗಂಗೊಳ್ಳಿಯ ಅಕ್ಕನ ಮನೆಗೆ ಹೋದವರು ಬುಟ್ಟಿ ತುಂಬ ಬಂಗಡೆ ತಂದರು. ಕುಂದಾಪುರದಿಂದ ಕರೆತರಲು ಹೋದ ಸುಜಿತ್ ಬುಟ್ಟಿಯನ್ನು ಗಾಡಿಯೊಳಗೆ ಇಡಲು ಬಿಡಲಿಲ್ಲ. ಕಿಟಕಿ ಮುಚ್ಚಿ ಎ.ಸಿ. ಹಾಕುವ ಗಾಡಿ, ವಾಸನೆ ಹಿಡಿದರೆ ಬಾಡಿಗೆಯವರು ಹತ್ತುವುದಿಲ್ಲ ಎಂದ. ಬುಟ್ಟಿ ಬಸ್ಸಿನ ಟಾಪಿನ ಮೇಲೆ ಬಂತು. ಮಂಜುಗಡ್ಡೆ ಕರಗಿ ಅರ್ಧ ಮೀನು ಮೆತ್ತಗಾಗಿತ್ತು.

ಮೀನು ಕೊಯ್ಯುತ್ತಾ ಪ್ರಫುಲ್ಲಾ ಮಗನಿಗೆ ಕೇಳುವಂತೆ ಹೇಳಿದರು. "ಮೀನ್ ತಿಂಬುಕೆ ಆತ್ತ್. ತಕಂಡ್ ಬಪ್ಪುಕೆ ಆತಿಲ್ಲ್ಯಾ?"

ಎಲ್ಲರೂ ನಕ್ಕರು. ಚಂದಯ್ಯ ಹೆಚ್ಚು ಹೊತ್ತು ನಕ್ಕರು.

ಆದರೆ ಮದುವೆಯ ದಿನಗಳು ಶುರುವಾದಂತೆ ನಗು ಕಡಿಮೆಯಾಯಿತು. ಹಾಲಾಡಿಯ ಸ್ಟ್ಯಾಂಡಿನಲ್ಲಿ ಅಂಬಾಸಡರಿನ ಹತ್ತಿರ ಬಂದವರು ಒಳಗೆ ಇಣುಕಿ ನೋಡಿ ಮುಂದಿನ ಗಾಡಿಗೆ ಹೋಗುತ್ತಿದ್ದರು. ಹಿಂದೆ ಸುತ್ತಲಿನ ಮದುಮಕ್ಕಳೆಲ್ಲ ಅದೇ ಕಾರಿನಲ್ಲಿ ಮನೆ ತುಂಬಿದವರು. ಈಗ ಅವರ ಮಕ್ಕಳಿಗೆ ಗಾಜು ಮುಚ್ಚುವ ಗಾಡಿ ಬೇಕು. ಸುಜಿತ್‌ಗೆ ಕ್ಯಾಂಟೀನಿನಿಂದ ಅಲ್ಲಾಡಲು ಆಗುತ್ತಿರಲಿಲ್ಲ. ಬೆಳಿಗ್ಗೆ ಬನ್ಸು, ಮಧ್ಯಾಹ್ನ ಊಟ, ಸಂಜೆ ಗೋಲಿಬಜೆ. ಹೊಸ ಗಾಡಿಗೆ ಹೊರಗಿನ ಡ್ರೈವರನ್ನು ಇಡುವ ಮಾತು ತೆಗೆದ. ಚಂದಯ್ಯ ಆ ಹೊತ್ತು ಉಣ್ಣುತ್ತಿದ್ದವರು ಬಟ್ಟಲು ಸರಿಸಿ ಎದ್ದರು. ಕೈ ತೊಳೆದು ಬಂದು ಗೋಡೆಯ ಮೊಳೆಯಲ್ಲಿದ್ದ ಹೊಸ ಗಾಡಿಯ ಕೀ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು.

"ಮನೆಯಗೆ ಡ್ರೈವರ್ ಇಪ್ಪ ಹೊತ್ತಿಗೆ ಹೊರ್ಗಿನವ ಎಂತಕೆ?"

ಅಲ್ಲಿಗೆ ಅದು ತೀರ್ಮಾನವಾಯಿತು. ಚಂದಯ್ಯ ಮರುದಿನದಿಂದ ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿ ಹೊಸ ಗಾಡಿ ಹತ್ತಿದರು. ಅಂಬಾಸಡರಿನ ಬಾನೆಟ್ಟಿನ ಮೇಲೆ ಗೇರೆಲೆಗಳು ಬಿದ್ದು ಹಾಗೇ ಉಳಿದವು. ಕೊಳ್ಳುವವರು ಬ್ರಹ್ಮಾವರದಲ್ಲಿ ಒಬ್ಬರು ಇದ್ದಾರೆಂದು ಸುಜಿತ್ ಎರಡು ಸಲ ಹೇಳಿದ. ಚಂದಯ್ಯ ಕೇಳಿಸದವರಂತೆ ಇದ್ದರು.

ಓಡಿಸುವ ಗಾಡಿ ಬದಲಾದರೂ ಓಡಿಸುವ ಕ್ರಮ ಬದಲಾಗಲಿಲ್ಲ. ಹಾಲಾಡಿ ಸ್ಟ್ಯಾಂಡಿನ ಹಳೆಯ ಡ್ರೈವರುಗಳಿಗೆಲ್ಲ ಒಂದು ಪದ್ಧತಿ ಇತ್ತು. ಇಳಿಜಾರು ಸಿಕ್ಕಿದರೆ ಇಂಜಿನ್ ಆಫ್ ಮಾಡಿ, ಗೇರು ಬಿಟ್ಟು, ಗಾಡಿಯನ್ನು ಅದರಷ್ಟಕ್ಕೆ ಹರಿಯಲು ಬಿಡುವುದು. ಪೆಟ್ರೋಲು ಉಳಿಯುತ್ತದೆ ಎಂದು ಶುರುವಾದದ್ದು. ಆಮೇಲೆ ಅದೇ ಡ್ರೈವಿಂಗಾಯಿತು. ಬಾಳೆಬರೆ ಘಾಟಿಯ ಮೇಲಿನ ತಿರುವಿನಲ್ಲಿ ಕೀ ತಿರುಗಿಸಿದರೆ ಕೆಳಗೆ ಹೊಸಂಗಡಿಯ ಹತ್ತಿರ ಬಂದು ಪುನಃ ಸ್ಟಾರ್ಟ್ ಮಾಡುವವನು ಒಳ್ಳೆಯ ಡ್ರೈವರು. ಅಂಬಾಸಡರಿನ ಬ್ರೇಕಿಗೂ ಸ್ಟಿಯರಿಂಗಿಗೂ ಇಂಜಿನ್ ಓಡಿದರೂ ನಿಂತರೂ ಒಂದೇ ಭಾರ. ಕಾಲು ಗಟ್ಟಿ ಇದ್ದರೆ ಸಾಕು.

ಪ್ರಫುಲ್ಲಾ ಅವರಿಗೆ ಆ ಇಳಿಜಾರುಗಳೆಂದರೆ ಇಷ್ಟ. ಮದುವೆಯಾದ ಹೊಸತರಲ್ಲಿ ಚಂದಯ್ಯ ಮನೆಯಲ್ಲಿ ಮಾತಾಡುವವರಲ್ಲ. ಅತ್ತೆ, ಮಾವ, ನಾದಿನಿಯರ ನಡುವೆ ಮಾತಿಗೆ ಜಾಗವೂ ಇರಲಿಲ್ಲ. ಕಾರಿನಲ್ಲಿ ಹೋಗುವಾಗ ಇಂಜಿನ್ನಿನ ಗದ್ದಲ. ಇಳಿಜಾರಿನಲ್ಲಿ ಅದು ನಿಂತಾಗ ಮಾತ್ರ ಅವರು ಏನಾದರೂ ಹೇಳುತ್ತಿದ್ದರು. ತಲೆನೋವು ಕಡಿಮೆಯಾಯಿತಾ, ತಾಯಿಮನೆಗೆ ಯಾವಾಗ ಹೋಗುತ್ತೀ ಎಂದು ಕೇಳುತ್ತಿದ್ದರು. ಇಳಿಜಾರು ಮುಗಿದು ಇಂಜಿನ್ ಗುರ್ ಎಂದರೆ ಮಾತೂ ಮುಗಿಯುತ್ತಿತ್ತು.

ಅನಿಷಾಗೆ ಇದೆಲ್ಲ ಗೊತ್ತಿರಲಿಲ್ಲ. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಯಾರು ಏನು ಮಾಡುತ್ತಾರೆ ಎಂದು ನೋಡುತ್ತಾ ಇರುವುದು ಅವಳ ಸ್ವಭಾವ, ಮಾತು ಕಡಿಮೆ. ಕೋಟೇಶ್ವರದ ಡಾಕ್ಟರಿಗೆ ತೋರಿಸಲು ಮಾವನೇ ಅವಳನ್ನು ಕರೆದುಕೊಂಡು ಹೋಗಿದ್ದರು. ಹಿಂದಿರುಗುವಾಗ ಬಿದ್ಕಲ್‌ಕಟ್ಟೆ ದಾಟಿ ಒಂದು ಇಳಿಜಾರು. ಎ.ಸಿ.ಯ ಗಾಳಿ ಇದ್ದಕ್ಕಿದ್ದಂತೆ ನಿಂತಿತು. ಇಂಜಿನ್ನಿನ ಸದ್ದೂ ನಿಂತಿತು. ಟಯರು ರಸ್ತೆಯ ಮೇಲೆ ಉರುಳುವ ಸದ್ದು ಮಾತ್ರ. ಗಾಡಿ ಕೆಟ್ಟಿತು ಎಂದುಕೊಂಡಳು. ಮಾವನ ಮುಖ ನೋಡಿದಳು. ಅವರು ಆರಾಮವಾಗಿ ಇದ್ದರು, ಒಂದು ಕೈ ಕಿಟಕಿಯ ಮೇಲೆ.

ಕೆಳಗೆ ತಿರುವಿನಲ್ಲಿ ಬಸ್ಸೊಂದು ಜನ ಇಳಿಸಲು ನಿಂತಿತ್ತು. ಮಾವ ಬ್ರೇಕನ್ನು ಎರಡು ಸಲ ತುಳಿದರು. ಗಾಡಿ ನಿಧಾನವಾದಂತೆ ಆಯಿತು. ಮೂರನೆಯ ಸಲ ತುಳಿದಾಗ ಅವರ ತೊಡೆ ಬಿಗಿಯಿತು, ಬೆನ್ನು ಸೀಟಿನಿಂದ ಎದ್ದಿತು. ಗಾಡಿ ಹೋಗುತ್ತಲೇ ಇತ್ತು. ಎರಡೂ ಕಾಲುಗಳನ್ನು ಬ್ರೇಕಿನ ಮೇಲೆ ಒತ್ತಿದರು. ಬಸ್ಸಿನ ಹಿಂದಿನ ಏಣಿಗೆ ಒಂದು ಮೊಳ ದೂರದಲ್ಲಿ ಗಾಡಿ ನಿಂತಿತು. ಏಣಿ ಹಿಡಿದು ಇಳಿಯುತ್ತಿದ್ದ ಕಂಡಕ್ಟರು ಬೈದ.  ಮಾವ ಅನಿಷಾಳ ಕಡೆ ತಿರುಗಲಿಲ್ಲ. ಕುತ್ತಿಗೆ ಒರಸಿಕೊಂಡು ಸ್ಟಾರ್ಟ್ ಮಾಡಿದರು. ಮನೆ ಹತ್ತಿರ ಬಂದಾಗ, ನಾಳೆ ತೊಂಡೆಕಾಯಿ ಕೊಯ್ಯಬಹುದು ಎಂದರು.

ಆ ಸಂಜೆ ಒಲೆಯ ಮುಂದೆ ಅನಿಷಾ ತೆಂಗಿನಕಾಯಿ ತುರಿಯುತ್ತಾ ಕೂತವಳು ತುರಿಯುವುದನ್ನು ನಿಲ್ಲಿಸಿದಳು.

"ಅತ್ತೆ, ಮಾವ ಇಳಿಜಾರಗೆ ಗಾಡಿ ಆಫ್ ಮಾಡ್ತ್ರ್."

"ಅವ್ರ್ ಯಾವಾಗ್ಳೂ ಹಾಂಗೇ. ನಾನ್ ಮದಿ ಆಯ್ ಬಂದಾಗಿಂದ ಕಾಂತಿದ್ದೆ."

"ಇದ್ ಹಳಿ ಗಾಡಿ ಅಲ್ಲ ಅತ್ತೆ. ಇವತ್ತ್ ಬ್ರೇಕ್ ಹಿಡಿಲಿಲ್ಲೆ. ಬಸ್ಸಿನ ಹತ್ರ ಹೋಯಿ ನಿಂತ್ತ್."

ಪ್ರಫುಲ್ಲಾ ಸೌದೆ ಮುಂದೆ ದೂಡಿದರು. ಬೆಂಕಿ ಹತ್ತುವವರೆಗೆ ಊದಿದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಸುಜಿತಂಗೆ ಹೇಳ್ಬೇಡ ಹೆಣ್ಣೆ. ಕೀ ತೆಕ್ಕಂತ ಅವ. ಮತ್ತೆ ಇವ್ರ್ ಎಂತ ಮಾಡುದ್? ಜಗ್ಲಿ ಮೇಲೆ ಕೂಕಂಡ್ ನೊಣ ಹೊಡುದಾ?"

ತಾನೇ ಗಂಡನಿಗೆ ಹೇಳುವುದಾಗಿ ಮಾತು ಕೊಟ್ಟರು. ಹೇಳಿದರು ಕೂಡ. ಚಂದಯ್ಯ ಹೂಂ ಎಂದರು. ಅಭ್ಯಾಸ ಆಗಬೇಕು, ಅಷ್ಟೇ ಎಂದರು. ಅನಿಷಾ ಮಾತ್ರ ಮುಂದಿನ ಸಲ ಡಾಕ್ಟರ ಹತ್ತಿರ ಬಸ್ಸಿನಲ್ಲಿ ಹೋದಳು. ಎ.ಸಿ. ಆಗುವುದಿಲ್ಲ, ವಾಂತಿ ಬರುತ್ತದೆ ಎಂದಳು. ಗಂಡ ನಂಬಿದ.

ಹದಿನೈದು ದಿನ ಕಳೆಯುವಷ್ಟರಲ್ಲಿ ಹೊಸ ಗಾಡಿಯ ಮುಂಭಾಗದ ಎಡಮೂಲೆ ಒಳಗೆ ಹೋಗಿತ್ತು. ಶಂಕರನಾರಾಯಣದ ಹತ್ತಿರ ದನ ಅಡ್ಡ ಬಂತು, ತಪ್ಪಿಸಲು ಹೋಗಿ ಮೋರಿಗೆ ತಾಗಿತು ಎಂದರು ಚಂದಯ್ಯ. ಸುಜಿತ್ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಸ್ಟ್ಯಾಂಡಿನಲ್ಲಿ ಯಾರೋ ಅವನಿಗೆ ಏನೋ ಹೇಳಿದ್ದರು. ಊಟಕ್ಕೆ ಕೂತಾಗ ಕೇಳಿಯೇಬಿಟ್ಟ. ಚಂದಯ್ಯ ಮೀನಿನ ಮುಳ್ಳು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅಪ್ಪಯ್ಯ, ಇದ್ರ ಬ್ರೇಕ್ ಇಂಜಿನ್ ಓಡ್ತಿದ್ರೆ ಮಾತ್ರ ಹಗುರ. ಆಫ್ ಮಾಡಿ ಎರಡ್ ಸಲ ತುಳಿದ್ರೆ ಮುಗಿತ್. ಮೂರ್ನೇ ಸಲ ಕಲ್ಲ್ ತುಳ್ದಂಗೆ. ಸ್ಟಿಯರಿಂಗೂ ಹಾಂಗೇ."

"ನಂಗ್ ಡ್ರೈವಿಂಗ್ ಹೇಳಿ ಕೊಡ್ತ್ಯಾ ನೀನ್? ನಿನ್ನ ಹೆತ್ತ್ ಆಸ್ಪತ್ರೆಯಿಂದ ಮನಿಗ್ ತಕಂಡ್ ಬಂದದ್ ಯಾರ್?"

"ಅದಲ್ಲ ನಾ ಕೇಂಡದ್. ಆಫ್ ಮಾಡ್ತ್ರಿಯಾ ಇಲ್ಯಾ?"

ಸುಜಿತ್ ತಾಯಿಯ ಕಡೆ ತಿರುಗಿದ. "ಅಮ್ಮ, ನೀನ್ ಹೇಳ್."

ಪ್ರಫುಲ್ಲಾ ಅವರ ಕೈಯಲ್ಲಿ ಅನ್ನದ ಸೌಟು ಇತ್ತು. ಗಂಡ ತಿನ್ನುವುದನ್ನು ನಿಲ್ಲಿಸಿದ್ದರು. ಅನಿಷಾ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇಲ್ಲೆ. ಈಗ ಮಾಡುದಿಲ್ಲೆ," ಎಂದರು ಪ್ರಫುಲ್ಲಾ.

ಸುಜಿತ್ ತಾಯಿಯ ಮಾತನ್ನು ಮುರಿಯುವವನಲ್ಲ. ಗಾಡಿಯನ್ನು ರಿಪೇರಿಗೆ ಬಿಟ್ಟು ತಂದ. ಬಣ್ಣ ಸ್ವಲ್ಪ ಬೇರೆ ಬಂತು. ಆ ಒಂದು ಮೂಲೆ ಬಿಸಿಲಿನಲ್ಲಿ ಹೆಚ್ಚು ಹೊಳೆಯುತ್ತಿತ್ತು.

ಏಳನೆಯ ತಿಂಗಳಲ್ಲಿ ಅನಿಷಾಗೆ ಬಯಕೆ ಊಟ. ಅವಳ ತಾಯಿಮನೆ ಬೈಂದೂರಿನಾಚೆ ಶಿರೂರಿನಲ್ಲಿ. ತಾಯಿ, ಚಿಕ್ಕಮ್ಮ, ಸೋದರಮಾವ ಬೆಳಿಗ್ಗೆ ಬಸ್ಸಿನಲ್ಲಿ ಬಂದರು. ಹಸಿರು ಸೀರೆ ಉಡಿಸಿ, ಜಡೆಗೆ ಹೂ ಹೆಣೆದು, ಬಾಳೆಲೆಯ ತುಂಬ ಸಿಹಿ ಬಡಿಸಿದರು. ಅನಿಷಾ ಎರಡು ತುತ್ತಿಗೆ ಸಾಕೆಂದಳು. ಊಟವಾದ ಮೇಲೆ ಹೆರಿಗೆಗೆ ತಾಯಿಮನೆಗೆ ಹೊರಡಬೇಕು. ಕ್ಯಾಂಟೀನಿನ ಅಡುಗೆಯವನು ಬಾರದೆ ಸುಜಿತ್ ಮಧ್ಯಾಹ್ನವೇ ಪೇಟೆಗೆ ಓಡಿದ್ದ. ಬಿಟ್ಟು ಬರುವವರು ಚಂದಯ್ಯ.

ಗಾಡಿಯ ಮುಂದಿನ ಸೀಟು ಬಂದ ಗಂಡು ನೆಂಟರಿಗೆ. ಅದು ಎಲ್ಲರಿಗೂ ಗೊತ್ತಿರುವ ಕ್ರಮ. ಸೋದರಮಾವ ಪಂಚೆ ಎತ್ತಿ ಕಟ್ಟಿ ಮುಂದಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಪ್ರಫುಲ್ಲಾ ಆಚೆಯಿಂದ ಬಂದು ಹತ್ತಿ ಕೂತುಬಿಟ್ಟರು. ಸೋದರಮಾವ ಕೈ ಹಿಂದೆ ತೆಗೆದು, ನಗಲೋ ಬೇಡವೋ ಎಂದು ನಿಂತ. ಚಂದಯ್ಯನ ಮುಖ ಕಪ್ಪಾಯಿತು. ಹಿಂದೆ ಹೋಗಿ ಕೂರಲು ಹೆಂಡತಿಗೆ ಮೆಲ್ಲಗೆ ಹೇಳಿದರು. ನನಗೆ ಹಿಂದೆ ಕೂತರೆ ತಲೆ ತಿರುಗುತ್ತದೆ ಎಂದರು ಪ್ರಫುಲ್ಲಾ, ಎಲ್ಲರಿಗೂ ಕೇಳುವಂತೆ. ಅನಿಷಾ ಹಿಂದಿನಿಂದ ಅತ್ತೆಯ ಭುಜವನ್ನು ನೋಡಿದಳು.

ಕುಂದಾಪುರ, ಮರವಂತೆ, ಬೈಂದೂರು ದಾಟುವವರೆಗೆ ಮಾತು ಮದುವೆ, ಹೆರಿಗೆಗಳದ್ದೇ. ಬೈಂದೂರು ಕಳೆದ ಮೇಲೆ ಒತ್ತಿನೆಣೆಯ ಏರು. ಮುಂದೆ ಲಾರಿಗಳು ಏದುಸಿರು ಬಿಡುತ್ತಾ ಹತ್ತುತ್ತಿದ್ದವು. ಗುಡ್ಡದ ನೆತ್ತಿ ಮುಟ್ಟಿ ಗಾಡಿ ಮೂತಿ ಕೆಳಗೆ ಮಾಡಿದ್ದೇ ಚಂದಯ್ಯನ ಕೈ ಸ್ಟಿಯರಿಂಗಿನಿಂದ ಇಳಿದು ಕೀ ಕಡೆ ಹೋಯಿತು. ಅಲ್ಲಿ ಆಗಲೇ ಒಂದು ಕೈ ಇತ್ತು. ಬಳೆಗಳಿದ್ದ ಕೈ.

ಚಂದಯ್ಯ ಒಮ್ಮೆ ನೋಡಿದರು. ಪ್ರಫುಲ್ಲಾ ರಸ್ತೆಯನ್ನೇ ನೋಡುತ್ತಿದ್ದರು. ಕೀ ಮೇಲೆ ಮುಚ್ಚಿದ ಕೈ ಕದಲಲಿಲ್ಲ. ಚಂದಯ್ಯ ತಮ್ಮ ಕೈಯನ್ನು ಸ್ಟಿಯರಿಂಗಿಗೆ ತಂದು ಗೇರು ಇಳಿಸಿದರು. ಇಂಜಿನ್ ಗೊಣಗುತ್ತಾ ಗಾಡಿಯನ್ನು ಹಿಡಿದು ಇಳಿಸಿತು. ಹಿಂದೆ ಕೂತವರಲ್ಲಿ ಅನಿಷಾಗೆ ಮಾತ್ರ ಅದು ಕಂಡಿತು. ಅವಳು ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು.

ಶಿರೂರಿನಲ್ಲಿ ಚಾ ಕುಡಿದು ಇಬ್ಬರೇ ಹಿಂದಿರುಗಿದರು. ಅನಿಷಾ ಅಂಗಳದ ತುದಿಯವರೆಗೆ ಬಂದು, ಮುಂದೆಯೇ ಕೂತುಕೊಳ್ಳಿ ಅತ್ತೆ ಎಂದಷ್ಟೇ ಹೇಳಿದಳು. ಒತ್ತಿನೆಣೆಯ ನೆತ್ತಿ ಬರುವವರೆಗೆ ಚಂದಯ್ಯ ರಸ್ತೆಯನ್ನೇ ನೋಡಿ ಗಾಡಿ ಓಡಿಸಿದರು. ನೆಂಟರ ಮುಂದೆ ಆದ ಅವಮಾನ ಅವರ ದವಡೆಯಲ್ಲಿ ಕಾಣುತ್ತಿತ್ತು. ಪ್ರಫುಲ್ಲಾ ಅವರ ಕೈ ಮತ್ತೆ ಕೀ ಮೇಲೆ ಇತ್ತು. ಇಳಿಜಾರು ಕಣ್ಣಿಗೆ ಬಿದ್ದಾಗ ಅವರು ಆ ಕೈಯನ್ನು ಸಡಿಲ ಮಾಡಿದರು.

"ಈಗ ನಾವಿಬ್ರೇ ಅಲ್ದ. ಬೇಕಾರೆ ಆಫ್ ಮಾಡಿ."

ಚಂದಯ್ಯ ತಕ್ಷಣ ಹೇಳಿದರು. "ಕೈ ತೆಗಿಬೇಡ."

ಒಂದು ಲಾರಿ ಎದುರಿನಿಂದ ಹತ್ತಿ ಹೋಯಿತು.

"ನಾ ಬ್ಯಾಡ ಅಂದ್ರೂ ನನ್ನ ಕೈ ಕೇಂತಿಲ್ಲೆ. ಅದ್ರಷ್ಟಕೇ ಹೋತ್ತ್. ಮೋರಿಗೆ ತಾಗ್ದ ದಿನ ದನ ಬರ್ಲಿಲ್ಲೆ."

ಕೆಳಗೆ ಬೈಂದೂರು ಬರುವವರೆಗೆ ಪ್ರಫುಲ್ಲಾ ಕೈ ತೆಗೆಯಲಿಲ್ಲ. ಮನೆಗೆ ಬಂದು ದನಗಳಿಗೆ ಹುಲ್ಲು ಹಾಕುವಾಗ ನೋಡಿದರೆ ಅಂಗೈಯಲ್ಲಿ ಕೀ ಒತ್ತಿದ ಗುರುತು ಇತ್ತು. ಸುಜಿತ್ ಬಂದು ಊಟಕ್ಕೆ ಕೂತ. ಪ್ರಫುಲ್ಲಾ ಅವರಿಗೆ ಹೇಳಬೇಕೆಂದು ಬಾಯಿವರೆಗೆ ಬಂತು. ಚಂದಯ್ಯ ಎದುರಿಗೇ ಕೂತು ಶಿರೂರಿನವರ ಉಪಚಾರವನ್ನು ಹೊಗಳುತ್ತಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡು ಮಗನಿಗೆ ಇನ್ನಷ್ಟು ಪಲ್ಯ ಬಡಿಸಿದರು.

ಮರುದಿನ ಬೆಳಿಗ್ಗೆ ಪ್ರಫುಲ್ಲಾ ಹಾಲಿನ ಡೈರಿಗೆ ಹೋಗಿ ಬರುವಾಗ ಶೆಡ್ಡು ಖಾಲಿ ಇತ್ತು. ಬಾಳೆಬರೆ ಘಾಟಿ ಹತ್ತಿ ಹುಲಿಕಲ್ಲಿನಾಚೆ ಎಲ್ಲಿಗೋ ಗೃಹಪ್ರವೇಶದ ಬಾಡಿಗೆ, ಮುದುಕರು ಹೆಂಗಸರು ಸೇರಿ ಆರು ಜನ, ಬೇಗ ಬರಬೇಕೆಂದು ಕರೆದರು ಎಂದು ಪಕ್ಕದ ಮನೆಯ ಸುಗುಣ ಹೇಳಿದಳು. ಸಂಜೆಗೆ ಹಿಂದಿರುಗುವುದಂತೆ. ಮುಂದಿನ ಸೀಟಿನಲ್ಲಿ ಯಾರು ಕೂತರು ಎಂದು ಪ್ರಫುಲ್ಲಾ ಕೇಳಿದರು. ಸುಗುಣಳಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿತು. ಯಾರೋ ಒಬ್ಬ ಮುದುಕ ಎಂದಳು.

ಹೋಗುವಾಗ ಬರಿಯ ಏರು. ಇಳಿಯುವುದು ಮಧ್ಯಾಹ್ನದ ಮೇಲೆ. ಪ್ರಫುಲ್ಲಾ ಅಕ್ಕಿ ತೊಳೆದರು. ಬಟ್ಟೆ ಒಗೆದರು. ಒಗೆದ ಬಟ್ಟೆಯನ್ನೇ ಮತ್ತೆ ನೀರಿಗೆ ಹಾಕ ಹೊರಟರು. ಅನ್ನ ಬಸಿಯುವಾಗ ಗಂಜಿ ಕಾಲ ಮೇಲೆ ಚೆಲ್ಲಿತು. ಸುಜಿತ್ ಊಟದ ಗಲಾಟೆ ಮುಗಿಸಿ ಮನೆಗೆ ಬಂದಾಗ ಅವನಿಗೆ ಬಡಿಸಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದರು.

"ಆ ದಿನ ನಾ ಸುಳ್ ಹೇಳ್ದೆ ಮಗಾ. ಅಪ್ಪಯ್ಯ ಆಫ್ ಮಾಡ್ತ್ರ್. ಅವ್ರಿಗೆ ನಿಲ್ಸುಕಾತಿಲ್ಲೆ."

ಸುಜಿತ್ ಕೂತಿದ್ದವನು ಎದ್ದ. ಬೈಯಲಿಲ್ಲ. ಮೊಬೈಲು ತೆಗೆದು ತಂದೆಗೆ ಮಾಡಿದ. ಸಿಗಲಿಲ್ಲ. ಘಾಟಿಯ ಮೇಲೆ ಯಾವ ಫೋನೂ ಸಿಗುವುದಿಲ್ಲ. ಮೂರು ಸಲ ಮಾಡಿ, ಮೊಳೆಯಲ್ಲಿ ಉಳಿದಿದ್ದ ಅಂಬಾಸಡರಿನ ಕೀ ತೆಗೆದುಕೊಂಡು ಹೊರಗೆ ಓಡಿದ. ತಿಂಗಳಿನಿಂದ ನಿಂತ ಗಾಡಿ. ಕೀ ತಿರುಗಿಸಿದರೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಸುಗುಣಳ ಗಂಡನೂ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರೂ ದೂಡಿದರು. ಗೇಟಿನ ಹತ್ತಿರ ಅದು ಸ್ಟಾರ್ಟ್ ಆಯಿತು. ಗೇರೆಲೆಗಳು ಗಾಜಿನ ಮೇಲಿಂದ ಹಾರಿ ಹೋದವು. ಪ್ರಫುಲ್ಲಾ ಬಾಗಿಲು ತೆರೆದು ಹತ್ತಿದರು.

ಸಿದ್ದಾಪುರ ದಾಟುವಾಗ ಇಂಜಿನ್ನಿನಿಂದ ಆವಿ ಬರತೊಡಗಿತು. ಎಷ್ಟು ತುಳಿದರೂ ಗಾಡಿ ತನ್ನ ವೇಗ ಬಿಟ್ಟು ಮೇಲೆ ಹೋಗಲಿಲ್ಲ.  ಎಷ್ಟು ಸಮಯದಿಂದ ಗೊತ್ತಿತ್ತು ಎಂದು ಸುಜಿತ್ ಕೇಳಿದ. ಅನಿಷಾ ಹೇಳಿದ ದಿನದಿಂದ ಎಂದರು ಪ್ರಫುಲ್ಲಾ. ಅವಳಿಗೂ ಗೊತ್ತಿತ್ತಾ ಎಂದು ಅವನು ಮತ್ತೆ ಕೇಳಲಿಲ್ಲ. ಹೊಸಂಗಡಿ ಕಳೆದು ಘಾಟಿಯ ಬುಡದ ಎರಡನೆಯ ತಿರುವಿನವರೆಗೆ ಅಂಬಾಸಡರ್ ಹತ್ತಿತು. ಅಲ್ಲಿ ಆವಿ ಗಾಜನ್ನೆಲ್ಲ ಮುಚ್ಚಿತು. ರಸ್ತೆಯ ಬದಿಗೆ ನಿಲ್ಲಿಸಿ ಇಳಿದರು.

ಕಾಯುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಮೇಲಿನ ತಿರುವು ಮರಗಳಲ್ಲಿ ಮುಚ್ಚಿಹೋಗಿತ್ತು. ಕಣ್ಣಿಗೆ ಕಾಣುವ ಮೊದಲು ಗಾಡಿಗಳು ಕಿವಿಗೆ ಬರುತ್ತಿದ್ದವು. ಒಂದು ಲಾರಿ ಕಿರುಚುತ್ತಾ ಇಳಿಯಿತು. ಶಿವಮೊಗ್ಗದ ಬಸ್ಸು ಇಳಿಯಿತು. ಪ್ರತಿ ಸಲ ಇಂಜಿನ್ನಿನ ಸದ್ದು ಕೇಳಿದಾಗ ಪ್ರಫುಲ್ಲಾ ಸೆರಗಿನಲ್ಲಿ ಬೆವರು ಒರಸಿಕೊಳ್ಳುತ್ತಿದ್ದರು. ಸದ್ದಿದ್ದರೆ ಹೆದರಿಕೆ ಇಲ್ಲ. ಆಮೇಲೆ ಬಹಳ ಹೊತ್ತು ಯಾವುದೂ ಬರಲಿಲ್ಲ. ಹಕ್ಕಿಗಳ ಸದ್ದು, ಅಂಬಾಸಡರಿನ ಬಾನೆಟ್ಟಿನೊಳಗೆ ನೀರು ಕುದಿಯುವ ಸದ್ದು.

ಹೊಸ ಗಾಡಿ ಕಂಡೇ ಬಂತು. ಕೇಳಲಿಲ್ಲ. ತಿರುವಿನ ಮರಗಳ ನಡುವಿನಿಂದ ಅದು ಹರಿದು ಬಂದಾಗ ಟಯರಿನ ಸರಸರ ಸದ್ದೂ, ಆಮೇಲೆ ಒಳಗಿನವರ ಕೂಗೂ ಒಟ್ಟಿಗೆ ಬಂದವು. ಚಂದಯ್ಯ ಸ್ಟಿಯರಿಂಗಿನ ಮೇಲೆ ಎದೆ ಒತ್ತಿ ಅದನ್ನು ಎಡಕ್ಕೆ ಎಳೆಯುತ್ತಿದ್ದರು. ಬಲಗಡೆ ಪ್ರಪಾತ. ಗಾಡಿಯ ಎಡಮೈ ಗುಡ್ಡ ಕಡಿದ ಮಣ್ಣಿನ ಧರೆಗೆ ತಾಗಿತು. ಕೆಂಪು ಮಣ್ಣು, ಕಲ್ಲು, ಗಾಜು ಹಾರಿದವು. ಧರೆಯನ್ನು ಉಜ್ಜಿಕೊಂಡೇ ಅಂಬಾಸಡರನ್ನು ದಾಟಿ ಹೋಗಿ, ಚರಂಡಿಗೆ ಒಂದು ಚಕ್ರ ಇಳಿಸಿ ನಿಂತಿತು.

ಯಾರೂ ಸಾಯಲಿಲ್ಲ. ಒಬ್ಬ ಹೆಂಗಸಿನ ಹಣೆ ಒಡೆದಿತ್ತು. ಮುಂದೆ ಕೂತ ಮುದುಕನ ಕೈ ಊದಿತ್ತು. ಸುಜಿತ್ ಹಿಂದಿನ ಬಾಗಿಲು ಎಳೆದು ತೆರೆದು ಒಬ್ಬೊಬ್ಬರನ್ನೇ ಇಳಿಸಿದ. ಇಂಜಿನ್ನಿಗೆ ಚರಂಡಿಯ ನೀರು ಹಾಕಿ ತಣಿಸಿ, ಆರು ಜನರನ್ನೂ ಅಂಬಾಸಡರಿನಲ್ಲಿ ತುಂಬಿಸಿದ. ಮುಂದೆ ಇಬ್ಬರು, ಹಿಂದೆ ನಾಲ್ವರು. ತಂದೆಗೂ ತಾಯಿಗೂ ಅದರಲ್ಲಿ ಜಾಗ ಉಳಿಯಲಿಲ್ಲ. ಆಸ್ಪತ್ರೆಗೆ ಬಿಟ್ಟು ಬರುತ್ತೇನೆ ಎಂದು ತಾಯಿಗೆ ಹೇಳಿದ. ತಂದೆಯ ಮುಖ ನೋಡಲಿಲ್ಲ.

ಚಂದಯ್ಯ ಇನ್ನೂ ಸೀಟಿನಲ್ಲೇ ಇದ್ದರು. ಪ್ರಫುಲ್ಲಾ ಅವರ ಬೆರಳುಗಳನ್ನು ಸ್ಟಿಯರಿಂಗಿನಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಕೆಳಗಿಳಿಸಿ ಮೈಲುಗಲ್ಲಿನ ಮೇಲೆ ಕೂರಿಸಿದರು. 

"ನೀ ಅವಂಗೆ ಮೊದ್ಲೇ ಹೇಳ್ಬೇಕಿತ್ತ್," ಎಂದರು ಚಂದಯ್ಯ.

"ಹೇಳಿದ್ರೆ ನೀವ್ ಮನೆಯಗೆ ಕೂಕಣ್ಬೇಕಾತಿತ್ತ್."

"ಹೌದ್," ಎಂದರು. ಮತ್ತೆ ಹೇಳಿದರು, "ಹೌದ್."

ದಾರಿಯಲ್ಲಿ ಹೋಗುವವರು ನಿಲ್ಲಿಸಿ ಕೇಳತೊಡಗಿದರು. ಮೊದಲು ನಿಂತ ಲಾರಿಯವನಿಗೆ ಚಂದಯ್ಯ, ಹಂದಿ ಅಡ್ಡ ಬಂತು ಎಂದರು. ಆಮೇಲೆ ಬಂದ ಜೀಪಿನವನಿಗೆ, ಬ್ರೇಕ್ ಹಿಡಿಯಲಿಲ್ಲ, ಹೊಸ ಗಾಡಿಗಳೆಲ್ಲ ಹೀಗೆಯೇ ಎಂದರು. ಎರಡು ಸಲವೂ ಪ್ರಫುಲ್ಲಾ ಬೇರೆ ಕಡೆ ನೋಡುತ್ತಾ ನಿಂತಿದ್ದರು.

ಬಿಸಿಲು ಮರಗಳ ಹಿಂದೆ ಹೋಯಿತು. ಆಗ ಅವರ ಪಕ್ಕದಲ್ಲೇ ಒಂದು ಬಿಳಿಯ ಗಾಡಿ ಬಂದು ನಿಂತಿತು. ಹಾಲಾಡಿ ಸ್ಟ್ಯಾಂಡಿನ ಮುತ್ತ. ಚಂದಯ್ಯನ ಜೊತೆಯಲ್ಲೇ ಅಂಬಾಸಡರ್ ಓಡಿಸಿದವನು, ಹೋದ ವರ್ಷ ಅದನ್ನು ಮಾರಿ ಇದನ್ನು ತೆಗೆದವನು. ಹಿಂದಿನ ಸೀಟುಗಳ ತುಂಬ ಯೂನಿಫಾರ್ಮಿನ ಮಕ್ಕಳು, ಪ್ರವಾಸ ಮುಗಿಸಿ ಬರುತ್ತಿದ್ದರು. ಕೆಲವರು ಒಬ್ಬರಿಗೊಬ್ಬರು ಒರಗಿ ನಿದ್ದೆ ಹೋಗಿದ್ದರು.

ಮುತ್ತ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಹ್ವಾಯ್ ಚಂದಣ್ಣ, ಎಂತ ಆಯ್ತ್ ಮಾರಾಯ್ರೆ?"

ಚಂದಯ್ಯ ಕಿವಿಗೊಟ್ಟು ಕೂತಿದ್ದರು. ಗಾಡಿ ಬಂದು ನಿಂತದ್ದು ಅವರಿಗೂ ಕೇಳಿರಲಿಲ್ಲ, ಪ್ರಫುಲ್ಲಾ ಅವರಿಗೂ ಕೇಳಿರಲಿಲ್ಲ. ಈಗಲೂ ಅದರಿಂದ ಸದ್ದಿಲ್ಲ. ಮುಂದೆ ಹೊಸಂಗಡಿಯವರೆಗೆ ಇನ್ನೂ ಇಳಿಜಾರು ಇತ್ತು. ಮುತ್ತ ಬ್ರೇಕಿನ ಮೇಲಿಂದ ಕಾಲು ತೆಗೆದಿರಬೇಕು, ಗಾಡಿ ಮೆಲ್ಲಗೆ ಮುಂದಕ್ಕೆ ಸರಿಯತೊಡಗಿತ್ತು.

ಚಂದಯ್ಯ ಮೈಲುಗಲ್ಲು ಹಿಡಿದು ಎದ್ದರು. ನಡೆದು ಹೋಗಿ ಗಾಡಿಯ ಮುಂದೆ ನಿಂತು ಎರಡೂ ಕೈಗಳನ್ನು ಅದರ ಮೂತಿಯ ಮೇಲೆ ಇಟ್ಟರು.

"ಮೊದ್ಲ್ ಸ್ಟಾರ್ಟ್ ಮಾಡ್ ಮುತ್ತ," ಎಂದರು. "ಮತ್ತೆ ಹೇಳ್ತೆ."